ಜೂನ್ 5ಕ್ಕೆ ಗಿಡ ನೆಡಬೇಡಿ: ದಾವಣಗೆರೆಯ ಬಡಾವಣೆಯಲ್ಲಿ ಪಾರ್ಕ್ ಉಳಿಸಿ ಬೆಳೆಸುವ ಬಗೆ

ನಮ್ಮ ಬಡಾವಣೆಯ ಪಾರ್ಕ್ ಜಾಗದಲ್ಲಿ ಮೊದಲ ಸಲ ಗಿಡ ನೆಟ್ಟಿದ್ದು ಒಂದು ಜೂನ್ 5ರಂದು, ಪರಿಸರ ದಿನಕ್ಕೆ. 40 ಸಸಿ. ಬ್ಯಾನರ್ ಕಟ್ಟಿದ್ದೆವು. ಮಕ್ಕಳಿಗೆ ಬಾಳೆಹಣ್ಣು, ಬಿಸ್ಕೆಟ್ ಹಂಚಿದ್ದೆವು. ಮುಂದಿನ ಏಪ್ರಿಲ್‌ಗೆ ಉಳಿದಿದ್ದು 6. ಕೆಲವನ್ನು ಆಡು ತಿಂದವು, ಕೆಲವು ಕಟ್ಟಡದ ಮಣ್ಣಿನಡಿ ಹೂತುಹೋದವು, ಉಳಿದವು ನೀರಿಲ್ಲದೆ ಒಣಗಿದವು. ಆ ಒಣಗಿದ ಕಡ್ಡಿಗಳನ್ನು ಕಿತ್ತು ಹಾಕುವಾಗ ನನಗೆ ನಿಜಕ್ಕೂ ಅಳು ಬಂತು.

ಕೆಲಸ ಮಾಡುವ ಮನಸ್ಸು ಎಲ್ಲರಿಗೂ ಇತ್ತು. ತಪ್ಪಿದ್ದು ಸರತಿ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದೆವು. ಪಾರ್ಕ್ ಕೆಲಸದಲ್ಲಿ ಮೊದಲು ಕಾಗದ, ಆಮೇಲೆ ಜನ, ಆಮೇಲೆ ನೀರು, ಅದಾದ ಮೇಲೆ ಗಿಡ. ಎರಡನೇ ಸಲ ಹೀಗೆ ಮಾಡಿದ್ದರಿಂದ ಇವತ್ತು ಅಲ್ಲಿ ನೆರಳಿದೆ. ನಿಮ್ಮ ಬೀದಿಯಲ್ಲೂ ಮುಳ್ಳುಕಂಟಿ ಬೆಳೆದ ಒಂದು ಪಾರ್ಕ್ ಜಾಗ ಇದ್ದರೆ, ನಮ್ಮ ಹಾಗೆ ನಿಮ್ಮದೂ ಒಂದು ವರ್ಷ ವ್ಯರ್ಥ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ವಾಕಿಂಗ್ ಅಂದರೆ ಎಲ್ಲರಿಗೂ ಕುಂದುವಾಡ ಕೆರೆ ನೆನಪಾಗುತ್ತದೆ, ಗಾಜಿನ ಮನೆ ನೆನಪಾಗುತ್ತದೆ. ಎರಡೂ ಚೆಂದವೇ. ಆದರೆ ಹಳೇಪೇಟೆಯಲ್ಲಿರುವ 70 ವರ್ಷದ ಅಜ್ಜಿ ದಿನಾ ಅಲ್ಲಿಗೆ ಹೋಗೋಕಾಗುತ್ತಾ? ನಿಟ್ಟುವಳ್ಳಿಯ ಐದು ವರ್ಷದ ಮಗು ಸಂಜೆ ಆಟಕ್ಕೆ ಅಷ್ಟು ದೂರ ಹೋಗುತ್ತಾ? 2011ರ ಜನಗಣತಿಯಲ್ಲೇ ಊರಿನ ಜನಸಂಖ್ಯೆ 4.3 ಲಕ್ಷ ದಾಟಿತ್ತು. ಇಷ್ಟು ಜನಕ್ಕೆ ಬೇಕಾದ್ದು ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಸಣ್ಣ ಸಣ್ಣ ಪಾರ್ಕ್‌ಗಳು.

ಮೊದಲು ಕಾಗದ

ಪಾರ್ಕ್ ಅಂತ ಎಲ್ಲರೂ ಕರೆಯುವ ಜಾಗ ದಾಖಲೆಯಲ್ಲೂ ಪಾರ್ಕ್ ಆಗಿದೆಯಾ? ಅದನ್ನು ತಿಳಿಯದೆ ಒಂದು ಗುದ್ದಲಿ ಮಣ್ಣೂ ಎತ್ತಬೇಡಿ.

ಲೇಔಟ್ ಮಾಡುವಾಗ ನಕ್ಷೆಯಲ್ಲಿ ಎರಡು ಬಗೆಯ ಸಾರ್ವಜನಿಕ ಜಾಗ ಬಿಡುತ್ತಾರೆ. ಒಂದು ಪಾರ್ಕ್, ಇನ್ನೊಂದು ಸಿ.ಎ. ಸೈಟ್, ಅಂದರೆ ನಾಗರಿಕ ಸೌಲಭ್ಯದ ನಿವೇಶನ. ಅಂಗನವಾಡಿ, ಆಸ್ಪತ್ರೆ, ಗ್ರಂಥಾಲಯ, ಸಮುದಾಯ ಭವನ ಇವೆಲ್ಲ ಬರಬೇಕಾದ್ದು ಸಿ.ಎ. ಸೈಟ್‌ನಲ್ಲಿ. ಜನ ಎರಡನ್ನೂ ಸೇರಿಸಿ ‘ಪಾರ್ಕ್ ಜಾಗ’ ಅಂದುಬಿಡುತ್ತಾರೆ. ಜಗಳ ಶುರುವಾಗುವುದು ಇಲ್ಲೇ. ನಿಮ್ಮದು ಸಿ.ಎ. ಸೈಟ್ ಆಗಿದ್ದರೆ ಅಲ್ಲಿ ಕಟ್ಟಡ ಬರುವುದನ್ನು ತಡೆಯೋದು ಕಷ್ಟ. ಪಾರ್ಕ್ ಆಗಿದ್ದರೆ ನಿಮ್ಮ ನೆಲ ಗಟ್ಟಿ.

ನಕ್ಷೆ ಎಲ್ಲಿ ಸಿಗುತ್ತದೆ? ದಾವಣಗೆರೆ, ಹರಿಹರ ಎರಡೂ ಊರಿನ ಲೇಔಟ್‌ಗಳಿಗೆ ಮಂಜೂರಾತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಾವೆಲ್ಲ ಕರೆಯುವ ದೂಡಾ. ಪಾಲಿಕೆಗೆ ಹಸ್ತಾಂತರ ಆಗಿರುವ ಬಡಾವಣೆಯಾದರೆ ಪಾಲಿಕೆಯಲ್ಲೂ ಪ್ರತಿ ಇರಬೇಕು. ನೇರವಾಗಿ ಹೋಗಿ ಕೇಳಿ. ಕೊಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೇಲ್ಮನವಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ ಕಥೆ ಬರೆಯಬೇಡಿ. ಹೀಗೆ ಬರೆದರೆ ಸಾಕು:

‘ನಮ್ಮ ಬಡಾವಣೆಯ ಅನುಮೋದಿತ ನಕ್ಷೆ, ಅದರಲ್ಲಿ ಉದ್ಯಾನಕ್ಕೆ ಕಾದಿರಿಸಿದ ಜಾಗಗಳ ಅಳತೆ ಮತ್ತು ಚೆಕ್ಕುಬಂದಿ, ಆ ಜಾಗಗಳನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಿದ ಪತ್ರ, ಇವುಗಳ ದೃಢೀಕೃತ ಪ್ರತಿ ಕೊಡಿ.’ ಬಡಾವಣೆಯ ಹೆಸರು, ಸರ್ವೆ ನಂಬರ್ ಮರೆಯದೆ ಸೇರಿಸಿ.

ಸರ್ವೆ ನಂಬರ್ ಗೊತ್ತಿಲ್ವಾ? ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಮೊಬೈಲಿಗೆ ಹಾಕಿಕೊಳ್ಳಿ. ಪಾರ್ಕ್ ಮಧ್ಯ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದು ಸುಳಿವಿಗೆ ಮಾತ್ರ, ಗಡಿ ತೀರ್ಮಾನಕ್ಕೆ ಅಲ್ಲ. ಗಡಿ ಬೇಕಾದರೆ ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿ ಅಂತ ಪಾಲಿಕೆಗೆ ಅರ್ಜಿ ಕೊಡಬೇಕು. ಈ ಕಲ್ಲಿನ ಕೆಲಸ ಮಾತ್ರ ಮುಂದಕ್ಕೆ ಹಾಕಬೇಡಿ. ಒತ್ತುವರಿ ಅನ್ನೋದು ಒಂದೇ ರಾತ್ರಿ ಆಗುವುದಿಲ್ಲ. ಮೊದಲು ಪಕ್ಕದ ಮನೆಯವರ ಬೈಕ್ ನಿಲ್ಲುತ್ತದೆ, ಆಮೇಲೆ ಶೀಟ್ ಬರುತ್ತದೆ, ಆಮೇಲೆ ಗೋಡೆ. ಕಲ್ಲು ಇದ್ದರೆ ಬೈಕ್ ನಿಂತ ದಿನವೇ ಮಾತಾಡಬಹುದು.

ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿ ವಾಪಸ್ ತನ್ನಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದು ಅರ್ಜಿ ಅಲ್ಲ.

ಕಾನೂನು ನಿಮ್ಮ ಕಡೆ ಇದೆ

ಪಾರ್ಕ್ ಉಳಿಸಲು ಹೋದವರಿಗೆ ಮೊದಲು ಎದುರಾಗುವ ಮಾತು, ‘ಕೇಳೋಕೆ ನೀವ್ಯಾರು, ಜಾಗ ಸರ್ಕಾರದ್ದು’ ಅನ್ನೋದು. ಇದಕ್ಕೆ ನಮ್ಮ ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆ ಉತ್ತರ ಕೊಟ್ಟಿದೆ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕ್‌ಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟ್‌ಗೆ ಮಂಜೂರು ಮಾಡಲಾಗಿತ್ತು. ಅಲ್ಲಿನ ನಿವಾಸಿಗಳು ಹೈಕೋರ್ಟ್‌ಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ಅದು ಪ್ರಸಿದ್ಧ. ನಕ್ಷೆಯಲ್ಲಿ ಪಾರ್ಕ್ ಅಂತ ಗುರುತಿಸಿದ ಜಾಗವನ್ನು ಮನಸ್ಸಿಗೆ ಬಂದಂತೆ ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವ ಜನರಿಗೆ ಇದೆ ಅನ್ನೋದು ಅದರ ಸಾರ. ಅಂದರೆ ಕೇಳೋಕೆ ನೀವು ಯಾರು ಅಂದರೆ, ನೀವು ಅಲ್ಲಿ ವಾಸ ಮಾಡುವವರು. ಅಷ್ಟು ಸಾಕು.

ಇದರ ಜೊತೆಗೆ ಪಾರ್ಕ್, ಆಟದ ಮೈದಾನ, ತೆರೆದ ಜಾಗಗಳ ಸಂರಕ್ಷಣೆಗೆ ಅಂತಲೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಅರ್ಜಿಯಲ್ಲಿ ಈ ಕಾಯ್ದೆಯ ಹೆಸರನ್ನೂ 1991ರ ತೀರ್ಪಿನ ಹೆಸರನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಓದುವವರ ಕುಳಿತ ಭಂಗಿ ಬದಲಾಗುತ್ತದೆ, ನಾನು ನೋಡಿದ್ದೇನೆ.

ಇನ್ನೊಂದು ಸೂಕ್ಷ್ಮ ವಿಷಯ. ಪಾರ್ಕ್ ಮೂಲೆಯಲ್ಲಿ ಗುಡಿ ಕಟ್ಟೋಣ ಅಂತ ಯಾರಾದರೂ ಬಂದೇ ಬರುತ್ತಾರೆ. ನಾನೂ ಬೆಳಗಾದರೆ ದೇವರಿಗೆ ದೀಪ ಹಚ್ಚುವವಳೇ. ಆದರೂ ಬೇಡ ಅಂದೆ. 2009ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ ರಸ್ತೆ, ಪಾರ್ಕ್, ಸಾರ್ವಜನಿಕ ಜಾಗಗಳಲ್ಲಿ ಅನುಮತಿ ಇಲ್ಲದೆ ಯಾವ ಧರ್ಮದ ಪ್ರಾರ್ಥನಾ ಸ್ಥಳವನ್ನೂ ಹೊಸದಾಗಿ ಕಟ್ಟುವಂತಿಲ್ಲ. ಹಿರಿಯರ ಜೊತೆ ಕೂತು ಇದನ್ನು ಹೇಳಿ, ‘ಒಂದು ಅರಳಿ ಗಿಡ ನೆಡೋಣ, ಕಟ್ಟೆ ಕಟ್ಟೋದು ಬೇಡ’ ಅಂದೆವು. ಒಪ್ಪಿದರು. ಕಲ್ಲು ಇಟ್ಟ ಮೇಲೆ ಮಾತಾಡಿದ್ದರೆ ಬೀದಿ ಎರಡಾಗುತ್ತಿತ್ತು.

ಜನ ಬರಲಿ, ಆಮೇಲೆ ಬೇಲಿ

ಕಾಗದ ಬರೋಕೆ ತಿಂಗಳು ಎರಡು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಮಾಡುವ ಕೆಲಸ ಇದು. ಇಡೀ ಜಾಗ ಒಂದೇ ಸಲ ಸ್ವಚ್ಛ ಮಾಡಲು ಹೋಗಬೇಡಿ. ರಸ್ತೆಗೆ ಕಾಣುವ ಒಂದು ಮೂಲೆ ಹಿಡಿಯಿರಿ, 20 ಅಡಿಗೆ 20 ಅಡಿ. ಅಷ್ಟನ್ನು ಮಾತ್ರ ಗುಡಿಸಿ, ಕಂಟಿ ಕಡಿದು, ಎರಡು ಕಲ್ಲಿನ ಬೆಂಚು ಹಾಕಿ. ದಿನಾ ಬೆಳಗ್ಗೆ 6ರಿಂದ 7, ಸಂಜೆ 5ರಿಂದ 6 ಅಲ್ಲಿ ಯಾರಾದರೂ ಕೂತಿರಬೇಕು. ಪಾಳಿ ಹಾಕಿಕೊಳ್ಳಿ. ನಮ್ಮಲ್ಲಿ ಬೆಳಗಿನ ಪಾಳಿ ಗಂಡಸರದ್ದು. ಸಂಜೆ ನಾವು ಹೆಂಗಸರು ಸೊಪ್ಪು ಬಿಡಿಸುವ ಕೆಲಸವನ್ನೇ ಅಲ್ಲಿಗೆ ತಂದೆವು. ತಟ್ಟೆ ತುಂಬ ಮೆಂತ್ಯ ಸೊಪ್ಪು, ಸುತ್ತ ಐದು ಜನ. ಒಂದು ತಿಂಗಳಲ್ಲಿ ಕಸ ಎಸೆಯುವುದು ತಾನಾಗಿ ಕಡಿಮೆ ಆಯಿತು. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಕೈ ಏಳುವುದಿಲ್ಲ.

ಒಂದು ಸಂಜೆ ಮನೆ ಒಡೆದ ಇಟ್ಟಿಗೆ, ಗಾರೆ ತುಂಬಿಕೊಂಡು ಟ್ರ್ಯಾಕ್ಟರ್ ಬಂತು. ಟ್ರೈಲರ್ ಎತ್ತುವುದರಲ್ಲಿದ್ದ ಹುಡುಗ ನಮ್ಮನ್ನು ನೋಡಿ ನಿಲ್ಲಿಸಿದ.

‘ಖಾಲಿ ಜಾಗ ಅಂದ್ಕೊಂಡೆ ಅಕ್ಕಾರೆ.’

‘ಖಾಲಿ ಅಲ್ಲಪ್ಪ, ಪಾರ್ಕ್ ಇದು. ನೋಡು, ಕೂತಿದೀವಲ್ಲ.’

ಏನೂ ಮಾತಾಡದೆ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ಬೋರ್ಡ್ ಹಾಕಿದ್ದರೆ ಓದುತ್ತಿದ್ದನೋ ಇಲ್ಲವೋ.

ಬಳ್ಳಾರಿ ಜಾಲಿ ಬೆಳೆದಿದ್ದರೆ ಕೈಯಲ್ಲಿ ಕೀಳಲು ಹೋಗಬೇಡಿ. ಮುಳ್ಳು ಚುಚ್ಚಿದರೆ ವಾರಗಟ್ಟಲೆ ನೋವು. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ, ಜೆಸಿಬಿ ಹಿಡಿದು ಬುಡ ಸಮೇತ ತೆಗೆಸಬೇಕು. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಹಸಿ ಇರುವಾಗ ಬೇರು ಸಮೇತ ಕೀಳಿ. ಕೈಗೆ ಗ್ಲೌಸ್ ಇರಲಿ, ಅಸ್ತಮಾ ಇರುವವರು ಈ ಕೆಲಸಕ್ಕೆ ಬರಬಾರದು.

ಇಷ್ಟೊತ್ತಿಗೆ ಹತ್ತಿಪ್ಪತ್ತು ಜನ ಸೇರಿರುತ್ತೀರಿ. ಒಂದು ಸಂಘ ಮಾಡಿಕೊಂಡರೆ ಅನುಕೂಲ. ಏಳು ಜನ ಇದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು. ಪಾಲಿಕೆ ಜೊತೆ ನಿರ್ವಹಣೆ ಒಪ್ಪಂದ ಮಾಡಿಕೊಳ್ಳುವುದಾದರೆ, ದೇಣಿಗೆ ತೆಗೆದುಕೊಳ್ಳುವುದಾದರೆ ಇದು ಬೇಕು. ಸುಮ್ನೆ ಗಿಡಕ್ಕೆ ನೀರು ಹಾಕೋಕೆ ಬೇಕಿಲ್ಲ. ಒಂದು ಮಾತು: ನೀವು ಎಷ್ಟೇ ದುಡಿದರೂ ಜಾಗ ಸಾರ್ವಜನಿಕರದ್ದೇ. ಕಾಮಗಾರಿ ಯಾವುದಿದ್ದರೂ ಪಾಲಿಕೆಯ ಅನುಮತಿ ಬರಹದಲ್ಲಿ ಪಡೆಯಿರಿ.

ನೀರಿನ ಲೆಕ್ಕ

ಗಿಡ ಎಷ್ಟು ನೆಡಬೇಕು ಅನ್ನೋದನ್ನು ಜಾಗ ತೀರ್ಮಾನಿಸುವುದಿಲ್ಲ, ನೀರು ತೀರ್ಮಾನಿಸುತ್ತದೆ. ದಾವಣಗೆರೆಯಲ್ಲಿ ವರ್ಷದ ಮಳೆ ಸುಮಾರು 600ರಿಂದ 650 ಮಿಲಿಮೀಟರ್. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಭದ್ರಾ ನಾಲೆಯ ನೀರು ಊರಿಗೆ ಕುಡಿಯಲು ಬೇಕು, ಅದನ್ನು ಗಿಡಕ್ಕೆ ಹಾಕಿ ಅನ್ನಲು ನನಗೆ ಮನಸ್ಸಿಲ್ಲ.

ಸಣ್ಣ ಲೆಕ್ಕ ಹಾಕೋಣ. ಪಾರ್ಕ್ 100 ಅಡಿ ಉದ್ದ, 60 ಅಡಿ ಅಗಲ ಇದೆ ಅಂದುಕೊಳ್ಳಿ. ಸುತ್ತಳತೆ 320 ಅಡಿ. ದೊಡ್ಡ ಮರಕ್ಕೆ ಕಡಿಮೆ ಅಂದರೂ 20 ಅಡಿ ಅಂತರ ಬೇಕು. ಅಲ್ಲಿಗೆ ಸುತ್ತ 16 ಮರ. ಒಳಗೆ ಇನ್ನು 4. ಒಟ್ಟು 20. ಒಂದು ಸಸಿಗೆ ಒಂದು ಸಲಕ್ಕೆ 15 ಲೀಟರ್, ವಾರಕ್ಕೆ ಎರಡು ಸಲ. ಅಂದರೆ ವಾರಕ್ಕೆ 600 ಲೀಟರ್. ಫೆಬ್ರವರಿಯಿಂದ ಮೇ ಕೊನೆಯವರೆಗೆ 16 ವಾರ ಹಿಡಿದರೆ 9,600 ಲೀಟರ್. ಇಷ್ಟು ನೀರು ಎಲ್ಲಿಂದ ಬರುತ್ತದೆ, ಯಾರು ಹಾಕುತ್ತಾರೆ ಅಂತ ಹೆಸರು ಸಮೇತ ಬರೆದ ಮೇಲೆ ಸಸಿ ತನ್ನಿ. ಬರೆಯೋಕಾಗದಿದ್ದರೆ 20ರ ಬದಲು 8 ನೆಡಿ. ಬದುಕಿದ 8 ಮರ, ಒಣಗಿದ 40ಕ್ಕಿಂತ ನೂರು ಪಾಲು ಮೇಲು.

ನಾವು ಮಾಡಿದ್ದು: ಒಂದೊಂದು ಸಸಿಯನ್ನು ಒಂದೊಂದು ಮನೆಗೆ ಹಂಚಿದೆವು. ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರು, ಅಕ್ಕಿ ಬೇಳೆ ತೊಳೆದ ನೀರು ಬಕೆಟ್‌ನಲ್ಲಿ ಹಿಡಿದಿಟ್ಟು ತರುವುದು. ಸೋಪಿನ ನೀರು ಬೇಡ. ಆರ್‌ಓ ನೀರಿನಲ್ಲಿ ಉಪ್ಪಿನ ಅಂಶ ಜಾಸ್ತಿ ಇರುತ್ತದೆ, ದಿನಾ ಅದನ್ನೇ ಹಾಕದೆ ಬೇರೆ ನೀರಿನ ಜೊತೆ ಸರದಿಯಲ್ಲಿ ಹಾಕಿ.

ಇದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಮಣ್ಣಿನ ಮಡಕೆ. ಸಸಿಯಿಂದ ಒಂದೂವರೆ ಅಡಿ ದೂರದಲ್ಲಿ ಐದಾರು ಲೀಟರ್ ಹಿಡಿಯುವ ಮಡಕೆಯನ್ನು ಕತ್ತಿನವರೆಗೆ ಹೂಳಬೇಕು. ಬಣ್ಣ ಬಳಿದ ಮಡಕೆ, ಪಾಲಿಶ್ ಮಾಡಿದ ಮಡಕೆ ಬೇಡ, ನೀರು ಒಸರುವುದಿಲ್ಲ. ನೀರು ತುಂಬಿ ಮೇಲೆ ಬಿಗಿಯಾಗಿ ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಮಡಕೆಯ ಮೈಯಿಂದ ನೀರು ಮೆಲ್ಲಗೆ ಒಸರಿ ಬೇರಿಗೆ ಹೋಗುತ್ತದೆ, ಮೇಲೆ ಆವಿಯಾಗುವುದಿಲ್ಲ. ಮೊದಲ ಬೇಸಿಗೆಯಲ್ಲಿ ಒಂದು ಮಡಕೆ ತೆಗೆದು ನೋಡಿದೆ. ಹೊರಗಡೆ ಎಳೆ ಬೇರುಗಳು ಬಲೆಯಂತೆ ಅಂಟಿಕೊಂಡಿದ್ದವು, ಮಗು ತಾಯಿಯ ಸೆರಗು ಹಿಡಿದ ಹಾಗೆ. ಆಮೇಲೆ ಯಾವ ಮಡಕೆಯನ್ನೂ ಅಲುಗಾಡಿಸಲಿಲ್ಲ.

ಗುಂಡಿ ಮೇ ತಿಂಗಳಲ್ಲಿ, ಸಸಿ ಆರಿದ್ರಾ ಮಳೆಗೆ

ನಮ್ಮ ಕಡೆ ಜೂನ್ ಮೊದಲ ವಾರ ಒಂದೆರಡು ಮಳೆ ಬಂದು ಆಮೇಲೆ ಕೈ ಕೊಡುವುದು ಮಾಮೂಲು. ಮಣ್ಣು ಒಂದಡಿ ಕೂಡ ನೆನೆದಿರುವುದಿಲ್ಲ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅಂತ ರೈತರು ಹೇಳುತ್ತಾರಲ್ಲ, ಅದನ್ನೇ ನಾವೂ ಹಿಡಿದೆವು. ಜೂನ್ ಕೊನೆಯ ವಾರದ ಹೊತ್ತಿಗೆ ಆರಿದ್ರಾ ಮಳೆ. ಹಾರೆ ಹಾಕಿ ನೋಡಿ. ಒಂದೂವರೆ ಅಡಿ ಆಳದ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು. ಆಗ ನೆಡಿ.

ಗುಂಡಿಯನ್ನು ಮಾತ್ರ ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಬೇಕು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಬಡಾವಣೆಯ ಪಾರ್ಕ್‌ನಲ್ಲಿ ಮೂರಡಿ ಮಾಡಿದರೂ ಒಳ್ಳೆಯದೇ. ಯಾಕೆಂದರೆ ಮೇಲೆ ಕಾಣುವ ಮಣ್ಣು ಮಣ್ಣಲ್ಲ. ನಮ್ಮ ಮೊದಲ ಗುಂಡಿಯಲ್ಲಿ ಹಾರೆ ಹಾಕಿದಾಗಲೆಲ್ಲ ಟಣ್ ಅನ್ನುತ್ತಿತ್ತು. ಅರ್ಧ ಇಟ್ಟಿಗೆ, ಒಡೆದ ಬಾತ್‌ರೂಮ್ ಟೈಲ್ಸ್, ಸಿಮೆಂಟ್ ಚೀಲದ ಚಿಂದಿ, ಒಂದು ಚಪ್ಪಲಿ, ಪಿವಿಸಿ ಪೈಪಿನ ತುಂಡು. ಎರಡಡಿ ಇಳಿದ ಮೇಲೆ ಎರೆ ಮಣ್ಣು ಕಂಡಿತು, ಕಪ್ಪಗೆ, ತಣ್ಣಗೆ. ಮೊದಲ ವರ್ಷದ ನಮ್ಮ 40 ಸಸಿಗಳ ಬೇರು ಹೋಗಿದ್ದು ಈ ಟೈಲ್ಸ್ ಚೂರಿನ ನಡುವೆ. ಅವು ಬದುಕಲಿ ಅಂದರೆ ಎಲ್ಲಿಂದ ಬದುಕಬೇಕು?

ಚೂರೆಲ್ಲ ಆರಿಸಿ ತೆಗೆದು, ಎರಡು ಪಾಲು ಒಳ್ಳೆಯ ಮಣ್ಣಿಗೆ ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ ಗುಂಡಿ ತುಂಬಿ. ಎರೆ ಮಣ್ಣು ಜಾಸ್ತಿ ಇದ್ದರೆ ಸ್ವಲ್ಪ ಮರಳು ಸೇರಿಸಿ, ಇಲ್ಲದಿದ್ದರೆ ಮಳೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಕಡಿಮೆ ಬೆಲೆಗೆ ಸಿಗುತ್ತದೆ. ದೊಡ್ಡ ಚೀಲದ, ನಾಲ್ಕೈದು ಅಡಿ ಎತ್ತರದ ಸಸಿ ಕೇಳಿ, ಆಡಿನ ಬಾಯಿಗೆ ಬೇಗ ಸಿಗುವುದಿಲ್ಲ. ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ, ಎಳೆಯಬೇಡಿ. ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದರೆ ಆ ಸುರುಳಿಯನ್ನು ಕತ್ತರಿಸಿ. ಹಾಗೇ ಬಿಟ್ಟರೆ ಹತ್ತು ವರ್ಷದ ಮೇಲೆ ಅದೇ ಬೇರು ಮರದ ಕುತ್ತಿಗೆ ಹಿಸುಕುತ್ತದೆ. ಆಸರೆಗೆ ಬಿದಿರು ಕೋಲು ನೆಟ್ಟು ಹಳೇ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ವೈರ್ ಬೇಡವೇ ಬೇಡ.

ಬುಡಕ್ಕೆ ಹೊದಿಕೆ ಹಾಕಿ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬರಗಾಲ ಇಲ್ಲ. ಚನ್ನಗಿರಿ ಕಡೆ ಅಡಿಕೆ ಸಿಪ್ಪೆ ರಸ್ತೆ ಬದಿ ರಾಶಿ ಬಿದ್ದಿರುತ್ತದೆ. ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಸಿಗುತ್ತದೆ. ಮೂರು ಇಂಚು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಗಬಾರದು.

ಯಾವ ಮರ, ಯಾವ ಕಡೆ

ನನ್ನನ್ನು ಕೇಳಿದರೆ ಮೊದಲ ಮರ ಹೊಂಗೆ. ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು, ಬಿಸಿಲು ಸುಡುವಾಗ ಸರಿಯಾಗಿ ನೆರಳು ಕೊಡುತ್ತದೆ. ಎರಡನೆಯದು ಬೇವು. ಪಾರ್ಕ್‌ನಲ್ಲಿ ಒಂದು ಬೇವಿನ ಮರ ಇದ್ದರೆ ಇಡೀ ಬೀದಿಯ ಬೇವು ಬೆಲ್ಲಕ್ಕೆ ಹೂ ಸಿಗುತ್ತದೆ. ನೇರಳೆ ಹಕ್ಕಿಗಳಿಗೂ ಮಕ್ಕಳಿಗೂ ಇಷ್ಟ, ಆದರೆ ನಡೆಯುವ ಹಾದಿಯ ಮೇಲೆ ಬೇಡ, ಹಣ್ಣು ಬಿದ್ದು ಜಾರುತ್ತದೆ. ಕಕ್ಕೆ, ಬಸವನಪಾದ ಹೂವಿಗೆ ಚೆಂದ. ಅರಳಿ, ಆಲ ದೊಡ್ಡ ಜಾಗ ಇದ್ದರೆ ಒಂದು ಸಾಕು, ಕಾಂಪೌಂಡ್, ಚರಂಡಿ, ಮನೆ ಗೋಡೆಯಿಂದ ದೂರ.

ಬೇಡದ್ದನ್ನೂ ಹೇಳಿಬಿಡುತ್ತೇನೆ. ಗುಲ್‌ಮೊಹರ್ ನೋಡಲು ಚೆಂದ, ಮೇ ತಿಂಗಳ ಗಾಳಿ ಮಳೆಗೆ ಕೊಂಬೆ ಮುರಿದು ಬೀಳುತ್ತದೆ. ಮಕ್ಕಳು ಆಡುವ ಕಡೆ ಬೇಡ. ಕಣಗಿಲೆ ಗಿಡದ ಎಲ್ಲ ಭಾಗವೂ ವಿಷ, ಮಕ್ಕಳ ಕೈಗೆ ಸಿಗುವ ಕಡೆ ಅದನ್ನು ನೆಡುವುದು ತಪ್ಪು. ಬೇಗ ಹಸಿರಾಗುತ್ತದೆ ಅಂತ ಕೋನೋಕಾರ್ಪಸ್ ಸಾಲು ಹಾಕುವುದು ಈಗ ಎಲ್ಲ ಕಡೆ ಕಾಣುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡದಂತೆ ನಿಷೇಧಿಸಿದೆ, ಪೈಪು ಚರಂಡಿಗೆ ಬೇರು ನುಗ್ಗುತ್ತದೆ, ಪರಾಗದಿಂದ ಉಸಿರಾಟದ ತೊಂದರೆ ಬರುತ್ತದೆ ಅನ್ನೋ ಕಾರಣಕ್ಕೆ. ನಾವೂ ದೂರ ಇಡೋಣ.

ಬೆಂಚಿನ ಪಶ್ಚಿಮಕ್ಕೆ ಮತ್ತು ನೈರುತ್ಯಕ್ಕೆ ದೊಡ್ಡ ಮರ ಬರಲಿ. ಸಂಜೆ ನಾಲ್ಕರ ಇಳಿಬಿಸಿಲು ಓರೆಯಾಗಿ ಬರುವುದು ಆ ಕಡೆಯಿಂದ. ಕರೆಂಟ್ ತಂತಿ ಕೆಳಗೆ ಕರಿಬೇವು, ದಾಸವಾಳ ಇರಲಿ.

ಹಾದಿ, ಬೆಂಚು, ಗೇಟು

ದುಡ್ಡು ಬಂದರೆ ಮೊದಲು ಮಾಡುವ ತಪ್ಪು ಇಡೀ ಪಾರ್ಕ್‌ಗೆ ಇಂಟರ್‌ಲಾಕ್ ಟೈಲ್ಸ್ ಹಾಸುವುದು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟು ನೋಡಿ. ಐದಡಿ ಅಗಲದ ಹಾದಿ ಸಾಕು, ಗರಸು ಹಾಕಿ ರೋಲರ್ ಓಡಿಸಿದರೆ ವಯಸ್ಸಾದವರ ಮಂಡಿಗೂ ಒಳ್ಳೆಯದು. ವೀಲ್‌ಚೇರ್‌ಗೆ ಬೇಕಾಗುವಷ್ಟು ಭಾಗ ಮಾತ್ರ ಗಟ್ಟಿ ನೆಲ ಇರಲಿ. ಗೇಟಿನಲ್ಲಿ ಮೆಟ್ಟಿಲು ಬೇಡ, ಇಳಿಜಾರು ಮಾಡಿ: ಒಂದಡಿ ಎತ್ತರಕ್ಕೆ 12 ಅಡಿ ಉದ್ದ.

ಹೆಚ್ಚಿನ ಕಡೆ ಗಿಡದ ಪಾತಿ ಹಾದಿಗಿಂತ ಎತ್ತರ ಇರುತ್ತದೆ, ಸುತ್ತ ಕಲ್ಲಿನ ಅಂಚು ಬೇರೆ. ಮಳೆ ನೀರು ಹಾದಿ ಮೇಲೆ ಹರಿದು ಚರಂಡಿಗೆ ಹೋಗುತ್ತದೆ, ಗಿಡ ಬಾಯಾರಿ ನಿಂತಿರುತ್ತದೆ. ತಿರುಗಿಸಿ ಮಾಡಿ. ಪಾತಿ ಹಾದಿಗಿಂತ ಆರು ಇಂಚು ಕೆಳಗಿರಲಿ, ಹಾದಿ ಪಾತಿ ಕಡೆಗೆ ಸ್ವಲ್ಪ ವಾಲಿರಲಿ. ಇದಕ್ಕೆ ಒಂದು ರೂಪಾಯಿಯೂ ಜಾಸ್ತಿ ಬೇಕಿಲ್ಲ, ಕೆಲಸ ಶುರುವಾಗುವ ದಿನ ಮೇಸ್ತ್ರಿ ಪಕ್ಕ ನಿಂತು ಹೇಳಿದರೆ ಸಾಕು. ಮರದ ಬುಡಕ್ಕೆ ಸಿಮೆಂಟ್ ಬಳಿಯಲು ಬಿಡಬೇಡಿ. ದೆಹಲಿಯ ಮರಗಳ ವಿಚಾರದಲ್ಲಿ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂದಿತ್ತು. ನಮಗೂ ಅದೇ ಅಳತೆ ಇರಲಿ.

ಬೆಂಚಿಗೆ ಒರಗಲು ಹಿಂಬದಿ, ಏಳಲು ಕೈ ಊರುವ ಹಿಡಿ, ನೆಲದಿಂದ ಒಂದೂವರೆ ಅಡಿ ಎತ್ತರ. ಬೇಲಿ ಗಿಡ ಮೂರಡಿ ಮೀರದಂತೆ ಕತ್ತರಿಸಿ. ರಸ್ತೆಯಿಂದ ಒಳಗಿರುವವರು ಕಾಣುತ್ತಿದ್ದರೆ ಹೆಣ್ಣುಮಕ್ಕಳು ಧೈರ್ಯವಾಗಿ ಬರುತ್ತಾರೆ. ದೀಪ ಹಾದಿಗೆ ಬೀಳಲಿ, ಮರದ ಮೇಲಲ್ಲ. ಆಗುವುದಾದರೆ ಎರಡು ಗೇಟು ಇರಲಿ.

ಮಧ್ಯಾಹ್ನ ಬೀಗ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ವಾಕಿಂಗ್ ಮಾಡುವವರಿಗೆ ಬೆಳಗು ಸಂಜೆ ಸಾಕು, ನಿಜ. ಆದರೆ ಬೆಳಗಿನ ಜಾವದಿಂದ ಬೀದಿ ಗುಡಿಸಿದ ಪೌರಕಾರ್ಮಿಕರು, ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು, ಬೈಕಿನಲ್ಲಿ ಊಟ ತಲುಪಿಸುವ ಹುಡುಗರು, ಇವರಿಗೆ ನೆರಳು ಬೇಕಾಗುವುದು ಮಧ್ಯಾಹ್ನ ಒಂದು ಗಂಟೆಗೆ. ನಮ್ಮಲ್ಲಿ ಈ ಬಗ್ಗೆ ಎರಡು ಸಭೆ ಆಯಿತು. ‘ಯಾರ್‍ಯಾರೋ ಬಂದು ಮಲಗ್ತಾರೆ’ ಅಂತ ಆಕ್ಷೇಪ ಬಂತು. ಮಲಗಲಿ, ದಣಿದವರು ಮಲಗುತ್ತಾರೆ ಅಂದೆ. ಈಗ ರಾತ್ರಿ 9ಕ್ಕೆ ಮಾತ್ರ ಬೀಗ. ಒಂದು ಮಣ್ಣಿನ ಹರವಿಯಲ್ಲಿ ಕುಡಿಯುವ ನೀರನ್ನೂ ಇಟ್ಟಿದ್ದೇವೆ.

ಒಣ ಎಲೆ, ಕೊಡಲಿ

ಉದುರಿದ ಎಲೆಗೆ ಬೆಂಕಿ ಹಚ್ಚಬೇಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ 2016ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿದೆ. ಮೂಲೆಯಲ್ಲಿ ಕೋಳಿ ಜಾಲರಿಯನ್ನು ಮೂರಡಿ ಅಗಲಕ್ಕೆ ದುಂಡಗೆ ನಿಲ್ಲಿಸಿ, ಎಲೆ ತುಂಬಿ, ವಾರಕ್ಕೊಮ್ಮೆ ಸಗಣಿ ನೀರು ಚಿಮುಕಿಸಿ. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿಗುತ್ತದೆ.

ಯಾರಾದರೂ ಮರ ಕಡಿಯಲು ಬಂದರೆ ಮೊದಲು ಅನುಮತಿ ಪತ್ರ ಕೇಳಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಒಪ್ಪಿಗೆ ಇಲ್ಲದೆ ಕಡಿಯುವಂತಿಲ್ಲ. ಪತ್ರ ಇಲ್ಲದಿದ್ದರೆ ಫೋಟೋ ತೆಗೆದು, ಅರಣ್ಯ ಇಲಾಖೆಗೆ ಫೋನ್ ಮಾಡಿ, ಜನ ಬರುವವರೆಗೆ ಮರದ ಪಕ್ಕ ನಿಂತಿರಿ. ಜಗಳಕ್ಕೆ ಇಳಿಯಬೇಡಿ.

ಮೂರನೇ ಬೇಸಿಗೆ

ಎರಡು ಬೇಸಿಗೆ ದಾಟಿದ ಹೊಂಗೆ, ಬೇವು ಮೂರನೆಯದನ್ನು ಬಹುತೇಕ ತಾವೇ ದಾಟುತ್ತವೆ. ನೀರನ್ನು ಒಮ್ಮೆಲೇ ನಿಲ್ಲಿಸಬೇಡಿ. ವಾರಕ್ಕೆ ಎರಡು ಸಲ ಇದ್ದದ್ದು ಒಂದು ಸಲ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಹಾಕುವಾಗ ಬುಡಕ್ಕಲ್ಲ, ಎರಡು ಮೂರು ಅಡಿ ದೂರಕ್ಕೆ, ಬೇರು ನೀರು ಹುಡುಕಿಕೊಂಡು ಅಗಲಕ್ಕೆ ಹೋಗಲಿ.

ಸೀರೆ ಪಟ್ಟಿ, ಬಿದಿರು ಕೋಲು ಬಿಚ್ಚಿ. ಕಬ್ಬಿಣದ ಟ್ರೀ ಗಾರ್ಡ್ ಕಾಂಡಕ್ಕೆ ತಾಗುವ ಮೊದಲೇ ತೆಗೆಯಿರಿ. ತಡ ಮಾಡಿದರೆ ಮರ ಅದನ್ನು ನುಂಗಿಕೊಂಡು ಬೆಳೆಯುತ್ತದೆ, ಆಮೇಲೆ ಗ್ಯಾಸ್ ಕಟರ್ ತಂದರೂ ತೊಗಟೆ ಸುಡುತ್ತದೆ. ನಾವು ಕಳೆದ ಮೇ ತಿಂಗಳಲ್ಲಿ 14 ಗಾರ್ಡ್ ತೆಗೆದೆವು. ತುಕ್ಕು ಉಜ್ಜಿ, ಬಣ್ಣ ಬಳಿದು, ಹಿಂದಿನ ಬೀದಿಯವರಿಗೆ ಕೊಟ್ಟೆವು. ಅವರ ಗುಂಡಿಗಳು ಆಗಲೇ ಬಿಸಿಲಿಗೆ ಬಾಯಿ ತೆರೆದಿದ್ದವು.